ಶನಿವಾರದ ಮೀಸಲು

ನಮ್ಮ ಮನೆಯಲ್ಲಿ ಶನಿವಾರ ರಂಗನಾಥನಿಗೆ ಮೀಸಲು. ಅನ್ನ, ಬೇಳೆ, ಬೆಲ್ಲದ ಪಾಯಸ ಬೇಯಿಸಿ ದೇವರ ಮುಂದಿಟ್ಟ ಮೇಲೆಯೇ ಉಳಿದವರಿಗೆ ಊಟ. ಅದನ್ನು ಬೇಯಿಸುವ ಹಕ್ಕು ಮುಟ್ಟು ನಿಂತ ಹೆಂಗಸಿಗೆ ಮಾತ್ರ. ಮೂವತ್ತೈದು ವರ್ಷ, ತಿಂಗಳಿಗೆ ಮೂರು ದಿನ ಹಿತ್ತಲ ಕೋಣೆಯಲ್ಲಿ ಗೊಬ್ಬರದ ಚೀಲಗಳ ಪಕ್ಕ ಕೂತೆದ್ದ ನಮ್ಮತ್ತೆ ರಾಜಲಕ್ಷ್ಮಮ್ಮನವರಿಗೆ ಆ ಹಕ್ಕು ಸಿಕ್ಕಿ ಆರು ವರ್ಷವಾಗಿತ್ತು. ಶನಿವಾರ ಬಂತೆಂದರೆ ಅವರ ನಡಿಗೆಯೇ ಬೇರೆ. ಮಾವ ದೊಡ್ಡರಂಗಪ್ಪನವರು ಹೆಂಡತಿಯೊಡನೆ ಮೆತ್ತಗೆ ಮಾತಾಡುತ್ತಿದ್ದುದೂ ಅದೊಂದೇ ದಿನ.

ಕಳೆದ ಬೇಸಿಗೆಯಲ್ಲಿ ಹುಣಸೆಹಣ್ಣು ಒಣಹಾಕಲೆಂದು ಹಿತ್ತಲ ಕೋಣೆಯ ಚಾಪೆ ಎತ್ತಿದೆ. ಅಡಿಯಲ್ಲಿ ಒಗೆದ ಹಳೆ ಸೀರೆಯ ತುಂಡುಗಳಿದ್ದವು. ಕಲೆ ಹೋಗಿರಲಿಲ್ಲ. ಅವು ನನ್ನವಲ್ಲ.

"ಎಂಟು ತಿಂಗ್ಳಾಯ್ತು ಕಣಮ್ಮ, ಮಧುಶ್ರೀ," ಎಂದು ಅತ್ತೆ ನೆಲ ನೋಡುತ್ತ ಹೇಳಿದರು. "ಬತ್ತದೆ, ನಿಂತೋಗ್ತದೆ. ನಿಮ್ಮಾವಂಗೆ ಹೇಳ್ಬುಟ್ಟೀಯ! ಮೈಲಿಗೇಲಿ ದೇವ್ರಿಗೆ ಬೇಯ್ಸವ್ಳೆ ಅಂತ ತಿರ್ಗಾ ಇದೇ ಕ್ವಾಣೆಗೆ ನೂಕ್ತಾರೆ."

ಮಂಡಿನೋವಿನ ನೆಪ ಹೇಳಿ ಶಿರಾಕ್ಕೆ ಕರೆದೊಯ್ದೆ. ಡಾಕ್ಟರಮ್ಮ ಹೊಟ್ಟೆಯ ಮೇಲೆ ಸ್ಕ್ಯಾನ್ ಮಾಡಿ ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ಮುಟ್ಟು ನಿಂತ ಮೇಲೆ ಗರ್ಭಕೋಶದ ಒಳಪದರ ತೆಳ್ಳಗಿರಬೇಕು. ನಾಲ್ಕು ಮಿಲಿಮೀಟರ್ ಒಳಗಿದ್ದರೆ ಸಾಮಾನ್ಯವಾಗಿ ಹೆದರಿಕೆಯಿಲ್ಲ. ಇವರಿಗೆ ಹದಿನೈದರಷ್ಟು ಕಾಣ್ತಿದೆ. ಮೇಲಿನಿಂದ ಪೂರ್ತಿ ಗೊತ್ತಾಗಲ್ಲ. ಒಳಗಿನಿಂದ ಸ್ಕ್ಯಾನ್ ಮಾಡಿ, ಪದರದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸೋಣ. ಕ್ಯಾನ್ಸರ್ ಇದ್ದರೂ ಈಗಲೇ ಗೊತ್ತಾದರೆ ಗುಣವಾಗೋದೇ ಹೆಚ್ಚು."

ಅತ್ತೆ ಆಗಲೇ ಮಂಚ ಇಳಿದು ಸೆರಗು ಸರಿಮಾಡಿಕೊಳ್ಳುತ್ತಿದ್ದರು. "ಒಳ್ಗಡೆಯೆಲ್ಲ ಮುಟ್ಟಿಸ್ಕಂಡು ಹೆಂಗಮ್ಮ ಒಲೆ ಮುಂದೆ ಕೂತ್ಕಳಾದು? ನಾಳೆ ಶನಿವಾರ."

ಬಸ್ಸಿನಲ್ಲಿ ನನ್ನ ಕೈಯನ್ನು ತಮ್ಮ ತಲೆಯ ಮೇಲೆ ಇಡಿಸಿಕೊಂಡು, ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡಿಸಿದರು. ಬಿಎ ಓದಿದ ನಾನು ಆ ಆಣೆಗೆ ಹೆದರಿದೆ. ನಾಚಿಕೆಯಾಗಬೇಕು ನನಗೆ.

ಆದರೂ ಒಂದು ದಿನ ತಡೆಯಲಾರದೆ, ಅತ್ತೆಗೆ ಗರ್ಭಕೋಶದ ತೊಂದರೆ ಇರಬಹುದು ಎಂದಷ್ಟೇ ಮಾವನಿಗೆ ಹೇಳಿದೆ. ನನ್ನ ಗಂಡ ಪ್ರಸನ್ನ ಅಲ್ಲೇ ಇದ್ದ. ಕೇಳಿಸದವನಂತೆ ಫೋನು ನೋಡುತ್ತ ಕೂತ.

"ಗಂಡಸ್ರ ಮುಂದೆ ಆಡೋ ಮಾತೇನಮ್ಮ ಇದು?" ಮಾವ ಟವೆಲ್ಲು ಕೊಡವಿ ಎದ್ದರು. "ಮುಟ್ಟು ನಿಂತೋಳ್ಗೆ ಅದ್ರ ಗೊಡವೆ ಏನು? ರಂಗನಾಥ ನೋಡ್ಕತಾನೆ ಬುಡು."

ಏಳು ತಿಂಗಳು ರಂಗನಾಥ ನೋಡಿಕೊಂಡ. ಕಾರ್ತಿಕದ ಒಂದು ಶನಿವಾರ ಅತ್ತೆ ಒಲೆಯ ಮುಂದೆಯೇ ಕುಸಿದರು. ಸೀರೆ ನೆನೆದು ರಕ್ತ ನೆಲಕ್ಕೆ ಹರಿಯಿತು. ಎತ್ತಲು ಹೋದ ನನ್ನ ಕೈ ತಳ್ಳಿ, ತೆವಳಿಕೊಂಡೇ ಹೊಸಿಲು ದಾಟಲು ನೋಡಿದರು. ಮಾವ ಓಡಿ ಬಂದರು.

"ಪಾತ್ರೆ ಮುಟ್ಬ್ಯಾಡ್ರಿ!" ಅವರ ಮೊದಲ ಮಾತು ಅದು.

ಶಿರಾದಲ್ಲಿ ಬೇಡವೆಂದು ಎದ್ದುಬಂದ ಸ್ಕ್ಯಾನನ್ನೇ ತುಮಕೂರಿನಲ್ಲಿ ಮಾಡಿದರು. ಉಳಿದ ಪರೀಕ್ಷೆಗಳೂ ಆದವು. ರೋಗ ಗರ್ಭಕೋಶ ದಾಟಿ ಶ್ವಾಸಕೋಶ ಸೇರಿತ್ತು. ಆರು ವಾರಕ್ಕೆ ಅತ್ತೆ ಹೋದರು. "ಮೀಸ್ಲು ಯಾರ್ ಮಾಡ್ತಾವ್ರೆ?" ಎಂದು ಕೊನೆಯವರೆಗೂ ಕೇಳುತ್ತಿದ್ದರು.

ತಿಥಿ ಕಳೆದ ಮೊದಲ ಶನಿವಾರ, ಮೀಸಲು ಬೇಯಿಸುವವರಿಲ್ಲದೆ ಬರೀ ಊಟ ಮುಗಿಸಿದ ಮಾವ ಆಸ್ಪತ್ರೆಯ ಕಾಗದ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದರು.

"ಇದು ಯಾವತ್ನಿಂದ ಶುರುವಾಗಿತ್ತು ಅಂತ ಬರ್ದವ್ರೇನಮ್ಮ?"

ಪಶ್ಚಾತ್ತಾಪ ಎಂದುಕೊಂಡೆ. ಕಣ್ಣು ತುಂಬಿ ಬಂತು.

"ಎಷ್ಟ್ ಶನಿವಾರದ ಮೀಸ್ಲು ಮೈಲಿಗೆ ಆಗೈತೋ, ತಿಳ್ಕಂಡು ಶಾಂತಿ ಮಾಡಿಸ್ಬೇಕಲ್ಲ."

ನಾನು ಸೌಟು ಕೆಳಗಿಟ್ಟೆ.

"ಮಾವ, ನಂಗಿವತ್ತು ಎರಡನೇ ದಿನ," ಎಂದೆ. "ಹಿತ್ಲ ಕೋಣೆಗೆ ಹೋಗಿಲ್ಲ. ಈಗ ನೀವು ಉಂಡಿದ್ದು ನಾನು ಬೇಯಿಸಿದ ಅನ್ನ. ಇನ್ಮೇಲೆ ಹೋಗೋದೂ ಇಲ್ಲ."

ಅವರು ಕಾಗದ ಅಲ್ಲೇ ಬಿಟ್ಟು ಬಾಯಿ ಮುಕ್ಕಳಿಸಲು ಬಚ್ಚಲಿಗೆ ಓಡಿದರು. ನಾನು ಕಾಗದ ಎತ್ತಿಕೊಂಡು ಒಲೆಯ ಮುಂದೆ ಕೂತೆ. ಆಕಾಶವೇನೂ ಕಳಚಿ ಬೀಳಲಿಲ್ಲ. ಆ ಬೇಸಿಗೆಯಲ್ಲೇ ಇಷ್ಟು ಮಾತು ಆಡಿದ್ದರೆ ನಮ್ಮತ್ತೆ ಬದುಕುತ್ತಿದ್ದರೇನೋ.