ನಾಲ್ಕನೆಯ ಬೋಲ್ಟು

“ಬೋಲ್ಟು ಎಲ್ಲಿಟ್ಟಿದ್ದಾರೆ ಅಂತ ಅಮ್ಮಾವ್ರನ್ನ ಕೇಳಿ,” ಎಂದು ಶಿವರಾಮು ಮೇಸ್ತ್ರಿ ಕಾರಿನ ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡೇ ಕೂಗಿದ. ಸಂಗೀತಾ ಗಂಡನ ಪಕ್ಕದಿಂದ ಎದ್ದಳು.

“ಎಲ್ಲಿಗೆ ಏಳ್ತೀಯವ್ವಾ? ಕೂತ್ಕೋ,” ಎಂದು ಹುಚ್ಚಮ್ಮ ಸೆರಗು ಹಿಡಿದೆಳೆದಳು. ಮಾವನ ಅಕ್ಕ, ಬೆಳಗಿನಿಂದ ಸೊಸೆಯನ್ನು ಕಾಯುವ ಕೆಲಸ ಆಕೆಯದು.

“ಬೋಲ್ಟು ಎಲ್ಲಿದೆ ಅಂತ ನನಗೊಬ್ಬಳಿಗೇ ಗೊತ್ತಿರೋದು.”

“ಹೋಗ್ಲಿ ಬಿಡಕ್ಕಾ,” ಎಂದರು ಮಾವ ಏಕಾಂತಪ್ಪ. ಅವರ ದನಿ ಬಾವಿಯ ತಳದಿಂದ ಬಂದಂತಿತ್ತು.

ಶಿವರಂಜನನನ್ನು ಪದ್ಧತಿಯಂತೆ ನಡುಮನೆಯಲ್ಲಿ ಕೂರಿಸಿದ್ದರು. ಹಣೆಗೆ ವಿಭೂತಿ, ಅಂಗೈಯಲ್ಲಿ ಇಷ್ಟಲಿಂಗ. ತಲೆ ವಾಲದಂತೆ ಬಿಳಿ ಬಟ್ಟೆಯಿಂದ ಹಿಂದಿನ ಕಿಟಕಿಯ ಸರಳಿಗೆ ಕಟ್ಟಿದ್ದರು. ನಿನ್ನೆ ಇನ್ಶೂರೆನ್ಸ್ ಆಫೀಸಿನಲ್ಲಿ ಎದೆನೋವೆಂದು ಮೇಜಿನ ಮೇಲೆ ತಲೆಯಿಟ್ಟವನು ಮತ್ತೆ ಎತ್ತಲಿಲ್ಲ. ಮೂವತ್ತೆರಡು ವರ್ಷ. ಈಗ ಅವನ ಮುಖ ತಲೆಬಾಗಿಲ ಕಡೆಗಿತ್ತು. ಬಾಗಿಲಾಚೆ ಗೇಟಿನವರೆಗೂ ಕಿರಿದಾದ ಅಂಗಳ, ಅಂಗಳದ ತುಂಬ ಆ ಹಸಿರು ಕಾರು.

ಮಣ್ಣಿಗೆ ಒಯ್ಯುವಾಗಲೂ ಅವನು ಕೂತೇ ಹೋಗಬೇಕು, ಬಿದಿರು ಕಟ್ಟಿದ ವಿಮಾನದಲ್ಲಿ. ಕಾರಿನ ಪಕ್ಕದಲ್ಲಿ ಒಬ್ಬ ಮನುಷ್ಯ ಅಡ್ಡಡ್ಡ ನುಸುಳುವಷ್ಟೇ ಜಾಗ.

“ತಳ್ಳಿಬಿಡೋಣ ಭಾವ, ನಾಲ್ಕು ಜನ ಸಾಕು,” ಎಂದಿದ್ದ ಭೋಜರಾಜ, ತೀರಿಕೊಂಡ ಅತ್ತೆಯ ತಮ್ಮ.

“ತಳ್ಳಬಾರದು. ಒಂಬತ್ತು ತಿಂಗಳು ನನ್ನ ಮಗ ಅದರ ಕೆಳಗೆ ಮಲಗ್ಯಾನೆ. ಅದು ಓಡಬೇಕು. ಅವನು ಅದರ ಸದ್ದು ಕೇಳಿ ಹೋಗಬೇಕು,” ಎಂದಿದ್ದರು ಏಕಾಂತಪ್ಪ.

ಮಗನನ್ನು ಕಳೆದುಕೊಂಡವರ ಎದುರು ವಾದ ಹೂಡುವವರು ಯಾರು? ಊರಿನ ಆ ತುದಿಯ ತಿರುವೊಟ್ಟಿಯೂರಿನಿಂದ ಮೇಸ್ತ್ರಿಯನ್ನು ಕರೆಸಿದರು. ಕ್ರಿಯೆ ಮಾಡಿಸುವ ಅಯ್ನೋರು ಬರುವುದಕ್ಕೆ ಇನ್ನೂ ಎರಡು ಗಂಟೆ ಇತ್ತು.

“ಆಫೀಸಿನ ಫೈಲು ಒಂದಿನ ತಡ ಮಾಡಿದವನಲ್ಲ,” ಎಂದು ಭೋಜರಾಜ ಪಕ್ಕದವನಿಗೆ ಪಿಸುಗುಟ್ಟಿದ. “ಒಂದು ರೇಡಿಯೇಟರಿಗೆ ಒಂಬತ್ತು ತಿಂಗಳು! ಅಷ್ಟರಾಗೆ ಹೆಂಗಸರು ಹೆತ್ತೇ ಬಿಡ್ತಾರೆ.”

ಸಂಗೀತಾ ಅವನನ್ನು ದಾಟಿಕೊಂಡು ಅಂಗಳಕ್ಕಿಳಿದಳು.

*

ಕಾರು ಏಕಾಂತಪ್ಪನ ಯೌವನದ್ದು. ದೇಶ ಬಿಟ್ಟು ಹೊರಟ ಇಂಗ್ಲಿಷ್ ಮ್ಯಾನೇಜರನೊಬ್ಬನಿಂದ ಕೊಂಡ ಎಂ.ಜಿ.; ಎರಡೇ ಸೀಟು. ಟಿ. ನಗರದ ಜವಳಿ ಅಂಗಡಿ ಬೆಳೆಯಿತು, ಕಾರು ಅಂಗಳದಲ್ಲಿ ನಿಂತಿತು.

ಮದುವೆಯಾದ ಎರಡನೆಯ ವರ್ಷ ಸಂಗೀತಾಗೆ ಅಡ್ಯಾರಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಹತ್ತಿರದಲ್ಲೇ ಜಾನಕಮ್ಮ ಅನ್ನುವವರ ಮಹಡಿಯ ಮೇಲೆ ಎರಡು ಕೋಣೆಯನ್ನು ಗಂಡ ಹೆಂಡತಿ ನೋಡಿ ಬಂದಿದ್ದರು. ಶಿವರಂಜನ್ ತಟ್ಟೆಯಿಂದ ಕಣ್ಣೆತ್ತದೆ ಅಪ್ಪನಿಗೆ ವಿಷಯ ಹೇಳಿದ.

ಏಕಾಂತಪ್ಪ ಕೈ ತೊಳೆದು ಬಂದು ನಿಂತರು. “ಹೋಗ್ರಿ. ಆ ಕಾರು ರೋಡಿಗಿಳಿಸು, ಅದರಾಗೇ ಕೂತ್ಕೊಂಡು ಹೋಗ್ರಿ. ನಾನೇ ಗೇಟು ತೆಗೀತೀನಿ. ಅಲ್ಲೀತನಕ ಈ ಮಾತು ಬ್ಯಾಡ.”

ಇಂಜಿನ್ನಿಗೆ ಶಿವರಾಮು ಜೀವ ಕೊಟ್ಟ. ಹಿತ್ತಾಳೆಯ ಹಳೇ ರೇಡಿಯೇಟರ್ ಮಾತ್ರ ಜರಡಿಯಾಗಿತ್ತು. ಇಂಗ್ಲೆಂಡಿನಿಂದ ಹೊಸ ಅಲ್ಯುಮಿನಿಯಂ ರೇಡಿಯೇಟರ್ ತರಿಸಿ, “ಇದೊಂದು ನಾನೇ ಕೂರಿಸ್ತೀನಿ,” ಎಂದ ಶಿವರಂಜನ್.

ಪ್ರತಿ ಭಾನುವಾರ ಅವನು ರಟ್ಟು ಹಾಸಿಕೊಂಡು ಕಾರಿನ ಕೆಳಗೆ ಮಲಗುತ್ತಿದ್ದ. ಅವಳು ಟಾರ್ಚು ಹಿಡಿಯುತ್ತಿದ್ದಳು. ಬೆಳಕು ಎಲ್ಲಿ ಬೀಳಬೇಕೆಂದು ಅವನು ಹೇಳುತ್ತಿದ್ದ, ಅವಳು ಅಲ್ಲಿಗೇ ಹಿಡಿಯುತ್ತಿದ್ದಳು.

“ತೂತು ಕೂರ್ತಿಲ್ಲ ಸಂಗೀ. ಎಡಗಡೆ ಅರ್ಧ ಇಂಚು ಕೆಳಗಿದೆ.”

ಅವಳು ಇಂಗ್ಲೆಂಡಿನ ಅಂಗಡಿಗೆ ಕಾಗದ ಬರೆದಳು. ಎಂ.ಎ. ಓದಿದ ಇಂಗ್ಲಿಷನ್ನೆಲ್ಲ ಸುರಿದು ಬರೆದಳು. ದಯವಿಟ್ಟು ಇನ್ನೊಮ್ಮೆ ಅಳೆಯಿರಿ ಎಂದು ಉತ್ತರ ಬಂತು. ಅವನು ಅಳೆದ. ಅರ್ಧ ಇಂಚು. ಅವಳು ಕೋಪದಿಂದ ಮತ್ತೊಂದು ಬರೆದಳು, ಆಮೇಲೆ ಮೂರನೆಯದು.

ಜಾನಕಮ್ಮ ಎರಡು ತಿಂಗಳು ಕಾದು ಮನೆಯನ್ನು ಬೇರೆಯವರಿಗೆ ಕೊಟ್ಟರು.

*

ಬೋಲ್ಟುಗಳಿದ್ದದ್ದು ಸೀಟಿನ ಕೆಳಗೆ, ಹಳೇ ಫಿಲ್ಮ್ ರೋಲಿನ ಡಬ್ಬಿಯಲ್ಲಿ. ನಾಲ್ಕು ಬೋಲ್ಟು, ನಾಲ್ಕು ವಾಷರು. ಅಂಗೈಗೆ ಸುರಿದುಕೊಂಡಳು.

“ಎಡಗಡೆ ಅರ್ಧ ಇಂಚು ಕೆಳಗಿದೆ,” ಎಂದಳು.

ಶಿವರಾಮು ರೇಡಿಯೇಟರನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಳಿಸಿದ. ಅದು ಸದ್ದಿಲ್ಲದೆ ತನ್ನ ಜಾಗದಲ್ಲಿ ಕೂತಿತು. ಅವಳ ಕೈಯಿಂದ ವಾಷರ್ ಸಮೇತ ಒಂದು ಬೋಲ್ಟು ತೆಗೆದುಕೊಂಡು ಬೆರಳಲ್ಲೇ ತಿರುಗಿಸಿದ. ಎರಡನೆಯದು. ಮೂರನೆಯದು.

“ಎಲ್ಲಿಮ್ಮಾ ಅರ್ಧ ಇಂಚು? ಕರೆಕ್ಟಾ ಇದೆ.” ಆಮೇಲೆ ಬಗ್ಗಿ, ಇನ್ನೂ ಖಾಲಿಯಿದ್ದ ನಾಲ್ಕನೆಯ ತೂತಿನ ಸುತ್ತ ಹೆಬ್ಬೆರಳಾಡಿಸಿದ. ದನಿ ಇಳಿಯಿತು. “ಇದನ್ನ ಮೊದಲೇ ಹಾಕಿದ್ದಾರಮ್ಮಾ. ನೋಡಿ, ವಾಷರ್ ಗುರುತು. ಒಂದು ಸಲ ಅಲ್ಲ. ಹಾಕಿ ಹಾಕಿ ಬಿಚ್ಚಿದ್ದಾರೆ.”

ಅವಳು ನೋಡಿದಳು. ಬೆಳ್ಳನೆಯ ತಗಡಿನ ಮೇಲೆ ಉಂಗುರದ ಮೇಲೆ ಉಂಗುರ, ಒಂದರಿಂದೊಂದು ಕೂದಲೆಳೆಯಷ್ಟು ಸರಿದು. ಬಲವಾಗಿ ಬಿಗಿದಿದ್ದ ಗುರುತು. ಹೊರಡುವವನು ಬಿಗಿಯುವ ಹಾಗೆ.

ಹಿಂತಿರುಗಿದಳು. ಬಟ್ಟೆಯಲ್ಲಿ ಕಟ್ಟಿದ ತಲೆ ಅತ್ತಿತ್ತ ಅಲುಗದೆ ಇತ್ತಲೇ ನೋಡುತ್ತಿತ್ತು.

ಏಕಾಂತಪ್ಪ ಹೊಸ್ತಿಲಿಗೆ ಬಂದರು. “ಏನಾತು ಮೇಸ್ತ್ರಿ? ಕೂರ್ತಿಲ್ವಾ? ತೂತೇ ತಪ್ಪು ಅಂತಿದ್ದ ಅವನು.”

ಶಿವರಾಮು ಬಾಯಿ ತೆರೆದ. ಸಂಗೀತಾ ಅವನಿಗಿಂತ ಮೊದಲು ಮಾತಾಡಿದಳು.

“ಹೌದು ಮಾವ. ಅರ್ಧ ಇಂಚು ತಪ್ಪಿತ್ತು. ಮೇಸ್ತ್ರಿ ಈಗ ಸರಿಮಾಡಿದ್ರು.”

ಮೇಸ್ತ್ರಿ ಅವಳ ಮುಖ ನೋಡಿದ. “ಆಮಾ ಸಾರ್, ಹೌದು,” ಎಂದ ನಿಧಾನವಾಗಿ. “ಚಿಕ್ಕ ಸಾರ್ ಕೈಲಿ ಆಗೋ ಕೆಲಸ ಅಲ್ಲ ಅದು.”

ಏಕಾಂತಪ್ಪ ಬಾಗಿಲ ಚೌಕಟ್ಟಿಗೆ ಒರಗಿದರು. “ನಾನು ಸೋಮಾರಿ ಅಂತ ಬೈದೆ ಅವನಿಗೆ. ಹೋದ ವಾರಾನೂ ಬೈದೆ.” ಕಣ್ಣೊರೆಸಿಕೊಂಡರು. “ನೀನು ಎಲ್ಲೂ ಹೋಗಬ್ಯಾಡವ್ವಾ. ಇದೇ ನಿನ್ನ ಮನೆ.”

ಅವಳು ತಲೆಯಾಡಿಸಿದಳು.

“ಇನ್ನೊಂದು ಬೋಲ್ಟು ಕೊಡಿಮ್ಮಾ,” ಎಂದು ಶಿವರಾಮು ಕೈಚಾಚಿದ.

ಅವಳ ಮುಷ್ಟಿ ಬಿಚ್ಚಲಿಲ್ಲ. ಚಾಚಿದ ಕೈಯನ್ನು ಅವನು ಸ್ವಲ್ಪ ಹೊತ್ತಿನ ಮೇಲೆ ಹಿಂದಕ್ಕೆಳೆದುಕೊಂಡ.

“ಪರವಾಗಿಲ್ಲ. ಬೀದಿ ಕೊನೇವರೆಗೆ ತಾನೇ? ಮೂರೇ ಸಾಕು.”

ಕೊಳವೆಗಳನ್ನು ಸಿಕ್ಕಿಸಿ ಬಕೆಟ್ಟಿನಿಂದ ನೀರು ಹೊಯ್ದ. ತೊಟ್ಟೂ ಸೋರಲಿಲ್ಲ. ಕೀಲಿ ತಿರುಗಿಸಿದಾಗ ಕಾರು ಎರಡು ಸಲ ಕೆಮ್ಮಿ, ಗುಡುಗಿ, ಒಂದೇ ಸಮನೆ ಓಡತೊಡಗಿತು. ನಡುಮನೆಯಲ್ಲಿ ಅಳು ನಿಂತಿತು. ಏಕಾಂತಪ್ಪ ಬರಿಗಾಲಲ್ಲಿ ಹೋಗಿ ತಾವೇ ಗೇಟು ತೆಗೆದರು. ಶಿವರಾಮು ಒಂದು ಸೀಟಿನಲ್ಲಿ, ಇನ್ನೊಂದು ಖಾಲಿ. ಕಾರು ಅಂಗಳ ದಾಟಿ ಬೀದಿಗೆ ಹೊರಳಿತು. ಅದು ನಿಂತಿದ್ದ ಜಾಗದಲ್ಲಿ ಎಣ್ಣೆ ಹೀರಿದ ರಟ್ಟು ಉಳಿಯಿತು, ಬೆನ್ನಿನ ಅಗಲಕ್ಕೆ ತಗ್ಗಿದ್ದು. ವಿಮಾನ ಹೊತ್ತವರು ಅದನ್ನು ತುಳಿದುಕೊಂಡು ಒಳಗೆ ಬಂದರು.

“ಬಾರವ್ವಾ, ಹೊತ್ತಾಯ್ತು,” ಎಂದು ಹುಚ್ಚಮ್ಮ ಅವಳನ್ನು ಗಂಡನ ಪಕ್ಕ ಕೂರಿಸಿ, ಬಳೆ ತೆಗೆಯಲು ಕೈ ಹಿಡಿದಳು. ಮುಷ್ಟಿ ಬಿಗಿಯಾಗಿತ್ತು. “ಬಿಡೇ, ಕೈ ಬಿಡು. ಬಳೆ ಹೆಂಗೆ ಇಳೀಬೇಕು?” ಬೆರಳು ಒಂದೊಂದಾಗಿ ಬಿಡಿಸಿದಳು. ಬೋಲ್ಟು ನೆಲಕ್ಕೆ ಬಿದ್ದು ಉರುಳಿತು.

ವಾಷರು ಅಂಗೈಗೆ ಅಂಟಿಕೊಂಡಿತ್ತು. ಹುಚ್ಚಮ್ಮ ಅದನ್ನು ಉಗುರಿನಿಂದ ಕಿತ್ತು ತೆಗೆದಳು. ಕೆಳಗೆ ಕೆಂಪಗೆ, ಆಳವಾಗಿ, ಒಂದು ಉಂಗುರ ಮೂಡಿತ್ತು.