ಸಮನಾದ ಗೆರೆ

ನಾನೊಂದು ಇಸಿಜಿ ಯಂತ್ರ. ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದವರು ಪೆಟ್ಟಿಗೆಯೊಳಗಿನ ಒಂದು ಸುಳ್ಳು ಹೃದಯಕ್ಕೆ ತಂತಿ ತಾಗಿಸಿ ಎದೆಬಡಿತದ ಗೆರೆ ಬರೆಯಲು ಕಲಿಸಿದರು. ಕೆಲವು ವರ್ಷ ದೊಡ್ಡ ಆಸ್ಪತ್ರೆಯೊಂದರಲ್ಲಿ ದುಡಿದೆ. ಅಲ್ಲಿಂದ ವಿಜಯಪುರದ ಡಾಕ್ಟರ್ ಸುನಂದಾ ಹೊಸಮನಿ ನನ್ನನ್ನು ತಮ್ಮ ಕ್ಲಿನಿಕ್ಕಿಗೆ ತಂದರು.

ಇಮಾಮಸಾಬ ನದಾಫ ಬಂದದ್ದು ಅಲ್ಲಿಗೇ. ಹೆಣ್ಣುಮಕ್ಕಳ ಶಾಲೆಯ ವಾಲಿಬಾಲ್ ಮಾಸ್ತರು. ಎತ್ತರದ ಆಳು, ದೊಡ್ಡ ದನಿ. ಆದರೆ ಅವರ ಎದೆಬಡಿತಕ್ಕೆ ತಾಳವಿರಲಿಲ್ಲ. ಒಂದು ಬಡಿತ ಹತ್ತಿರ, ಇನ್ನೊಂದು ದೂರ; ಹಾಗೆಯೇ ಬರೆದೆ. ಡಾಕ್ಟರ್ ಕಳಿಸಿದ ಬೆಳಗಾವಿಯ ಆಸ್ಪತ್ರೆಯಲ್ಲಿ ಕಾಲಿನ ರಕ್ತನಾಳದೊಳಗಿಂದ ಸಣ್ಣ ತಂತಿ ಹಾಯಿಸಿ, ಹೃದಯದಲ್ಲಿ ತಾಳ ಕೆಡಿಸುತ್ತಿದ್ದ ಜಾಗವನ್ನು ಸುಟ್ಟರಂತೆ.

ಮರಳಿ ಬಂದಾಗ ನನ್ನ ಗೆರೆ ಸಮನಾಗಿ ಸಾಗಿತು. ಅವರ ಹೆಂಡತಿ ಜೈತುನಬಿ ಆ ಕಾಗದವನ್ನು ಕಣ್ಣಿಗೊತ್ತಿಕೊಂಡರು. ಡಾಕ್ಟರ್ ಮಾತ್ರ ರಕ್ತಪರೀಕ್ಷೆಯ ವರದಿಯಿಂದ ಕಣ್ಣು ತೆಗೆಯಲಿಲ್ಲ.

"ರಕ್ತದಾಗ ಉರಿಯೂತದ ಗುರುತು ಇನ್ನೂ ಇಳಿದಿಲ್ರಿ ಸರ್. ಇಷ್ಟೊತ್ತಿಗೆ ಇಳೀಬೇಕಿತ್ತು. ಹಿಂಗಿದ್ದವರಿಗೆ ತಾಳ ಮತ್ತ ತಪ್ಪೋದು ಜಾಸ್ತಿ. ಎಲ್ಲೆರೆ ನೋವು, ಬಾವು ಐತೇನು?"

"ಏನಿಲ್ರಿ," ಅಂದರು ಇಮಾಮಸಾಬ.

"ರಕ್ತ ಹೆಪ್ಪುಗಟ್ಟಬಾರದು ಅಂತ ಕೊಟ್ಟ ಗುಳಿಗಿ ಮಾತ್ರ ಬಿಡಬ್ಯಾಡ್ರಿ."

ಮುಂದಿನ ತಪಾಸಣೆಗೆ ಅವರು ನಗುತ್ತಲೇ ಬಂದು ಮಲಗಿದರು. ಅವರ ಶಾಲೆಯ ಹುಡುಗಿಯರು ಜಿಲ್ಲಾ ಮಟ್ಟದಲ್ಲಿ ಗೆದ್ದಿದ್ದರು. ನಾನು ಸಮನಾದ ಗೆರೆಗೇ ಸಿದ್ಧನಾಗಿದ್ದೆ. ಬಂದದ್ದು ಅದೇ ಹಳೆಯ ಚೆಲ್ಲಾಪಿಲ್ಲಿ. ತಂತಿ ಸಡಿಲವಾಗಿರಬೇಕೆಂದು ಡಾಕ್ಟರ್ ಅದನ್ನು ಒತ್ತಿ ಕೂರಿಸಿ ಇನ್ನೊಮ್ಮೆ ಗೆರೆ ತೆಗೆದರು. ಅದೇ ಬಂತು.

"ನನಗೇನೂ ಅನಸವಲ್ದಲ್ರಿ!"

"ಗುಳಿಗಿ ತಗೋತೀರಲ್ಲ?"

ಇಮಾಮಸಾಬ ಗೋಡೆಯ ಕಡೆ ಮುಖ ತಿರುಗಿಸಿದರು. "ಬಿಟ್ಟೀನ್ರಿ. ಆರಾಮ ಆದಮ್ಯಾಲ ಯಾಕ ಅಂತ..."

"ದಿನಾ ನನ್ನ ಮುಂದ ಗುಳಿಗಿ ಬಾಯಾಗ ಹಾಕ್ಕೊಂಡು ನೀರು ಕುಡೀತಿದ್ರಲ್ಲ!" ಎಂದರು ಜೈತುನಬಿ.

ಉತ್ತರಿಸಲು ಅವರು ಬಾಯಿ ತೆರೆದರು. ಮಾತು ಬರಲಿಲ್ಲ. ತುಟಿ ಒಂದು ಕಡೆಗೆ ಜಾರಿತು, ಬಲಗೈ ಮಂಚದಿಂದ ಕೆಳಗೆ ಜೋತುಬಿತ್ತು. "ಗಾಡಿ ತರ್ರಿ! ಮಿದುಳಿಗೆ ಹೆಪ್ಪು ಹೋಗೇತಿ!" ಎಂದು ಡಾಕ್ಟರ್ ಕೂಗಿದರು. ನನ್ನ ತಂತಿಗಳನ್ನು ಕಿತ್ತೆಸೆದು ಎಲ್ಲರೂ ಸೇರಿ ಮಾಸ್ತರನ್ನು ಎತ್ತಿಕೊಂಡು ಓಡಿದರು. ತಂತಿಗಳು ನೆಲದ ಮೇಲೆ ಬಿದ್ದಿದ್ದವು. ಬರೆಯಲು ಏನೂ ಇಲ್ಲದೆ ನಾನು ದಂಗಾಗಿ ನಿಂತಿದ್ದೆ.

ದೊಡ್ಡಾಸ್ಪತ್ರೆಯವರು ಹೆಪ್ಪು ತೆಗೆದರು, ಜೀವ ಉಳಿಯಿತು. ಅಲ್ಲೇ ಅವರ ದವಡೆಯಲ್ಲಿ ಕೀವು ತುಂಬಿದ ಎರಡು ಹಲ್ಲುಗಳೂ ಸಿಕ್ಕವು. ನೋವನ್ನು ಅವರು ಎಷ್ಟೋ ದಿನದಿಂದ ನುಂಗಿಕೊಂಡಿದ್ದರಂತೆ. "ತಾಳ ತಪ್ಪಿದ್ದು ಇದರಿಂದೇನ್ರಿ?" ಎಂದು ಜೈತುನಬಿ ಕ್ಲಿನಿಕ್ಕಿಗೆ ಬಂದು ಕೇಳಿದಾಗ ನಮ್ಮ ಡಾಕ್ಟರ್, "ಇದರಿಂದನ ಅಂತ ಹೇಳಾಕ ಆಗೂದಿಲ್ಲವ್ವ. ರಕ್ತ ಮಾತ್ರ ಏನೋ ಹೇಳಾಕತ್ತಿತ್ತು," ಎಂದರು.

ಈಗ ನನಗೆ ವಯಸ್ಸಾಗಿದೆ. ಹೊಸ ಯಂತ್ರ ಬಂದ ಮೇಲೆ ನನ್ನನ್ನು ಒಳಕೋಣೆಯ ಮೂಲೆಗೆ ಸರಿಸಿ ಬಟ್ಟೆ ಹೊದಿಸಿದ್ದಾರೆ. ನಾನು ಬರೆದ ಗೆರೆಗಳೆಲ್ಲ ಆ ಗಳಿಗೆಯ ಮಟ್ಟಿಗೆ ನಿಜ. ಅದಕ್ಕಿಂತ ಮುಂದಿನದು ನನಗೂ ಗೊತ್ತಿರಲಿಲ್ಲ.

ಕೊನೆಯ ಸಲ ಇಮಾಮಸಾಬರ ಎದೆಬಡಿತವನ್ನು ಬರೆದದ್ದು, ಬೆಳಗಾವಿಯಲ್ಲಿ ಅವರಿಗೆ ಅದೇ ಸುಡುವ ಚಿಕಿತ್ಸೆ ಎರಡನೆಯ ಸಲ ಆದ ನಂತರ. ಗೆರೆ ಸಮನಾಗಿತ್ತು. ಈ ಸಲ ಯಾರೂ ಕಾಗದವನ್ನು ಕಣ್ಣಿಗೊತ್ತಿಕೊಳ್ಳಲಿಲ್ಲ. ಜೈತುನಬಿ ಚೀಲದಿಂದ ಗುಳಿಗೆ ತೆಗೆದು ಗಂಡನ ನಾಲಿಗೆಯ ಮೇಲಿಟ್ಟರು. ಆ ದೊಡ್ಡ ದನಿಯ ಮಾಸ್ತರು ಕಷ್ಟಪಟ್ಟು ನುಂಗಿದರು. ಆಮೇಲೆ, ಯಾರೂ ಕೇಳದೆಯೇ, ಬಾಯಿ ಅಗಲ ತೆರೆದು ಹೆಂಡತಿಗೆ ತೋರಿಸಿದರು.