ಅಕ್ಕ ಆಡುತ್ತಿದ್ದ ಕೊಕ್ಕರೆ

ಆಫೀಸಿನಲ್ಲಿ ಎಲ್ಲರೂ ಅವಳನ್ನು ತಕ್ಕಡಿ ಎಂದೇ ಕರೆಯುತ್ತಿದ್ದರು. ಹೊಸಬರು ಮಾತ್ರ ಮರ್ಯಾದೆಗೆ ಕೊನೆಗೊಂದು ಮೇಡಂ ಸೇರಿಸುತ್ತಿದ್ದರು. ಅವರ ಕಂಪನಿ ತಯಾರಿಸುತ್ತಿದ್ದುದು ದೈತ್ಯ ರೋಬೋಟುಗಳು ಕಾದಾಡುವ ವಿಡಿಯೋ ಗೇಮ್. ಮನೆಯೆತ್ತರದ ಉಕ್ಕಿನ ಆಳುಗಳು, ಹೆಗಲಿಗೆ, ಮುಂಗೈಗೆ ಬಗೆಬಗೆಯ ಆಯುಧಗಳು. ಒಂದು ಆಯುಧ ಇನ್ನೊಂದರ ಅನ್ನ ಕಿತ್ತುಕೊಳ್ಳದ ಹಾಗೆ ನೋಡಿಕೊಳ್ಳುವುದು ಅವಳ ಕೆಲಸ. ಕತ್ತಿ ಹಿಡಿದವನು ಹತ್ತಿರ ಬಂದರೆ ಗೆಲ್ಲಬೇಕು, ಫಿರಂಗಿ ಹೊತ್ತವನು ದೂರವಿದ್ದಾಗ ಗೆಲ್ಲಬೇಕು, ಸೋತವರಿಗೆ ತಪ್ಪು ತಮ್ಮದೇ ಅನ್ನಿಸಬೇಕು. ತಪ್ಪು ಆಟದ್ದು ಅನ್ನಿಸಿತೋ, ಬೈಗುಳ ನೇರವಾಗಿ ಅವಳ ಮೇಜಿಗೇ ಬರುತ್ತಿತ್ತು.

ಆ ಸಲ ಬೈಗುಳವೆಲ್ಲ ಕೊಕ್ಕರೆಯ ಮೇಲೆ. ಬೆಟ್ಟದ ನೆತ್ತಿಯಲ್ಲಿ ಅಲ್ಲಾಡದೆ ನಿಂತು, ಎಲ್ಲೋ ದೂರದಲ್ಲಿ ತಲೆಯೆತ್ತಿದವನನ್ನು ಟಕ್ಕನೆ ಹೆಕ್ಕಿಬಿಡುವ ಉದ್ದ ನಳಿಗೆಯ ಫಿರಂಗಿಗೆ ಆಟಗಾರರೇ ಇಟ್ಟ ಹೆಸರು ಅದು. ಹೊಡೆದವರು ಯಾರೆಂದು ಗೊತ್ತಾಗುವ ಮೊದಲೇ ಸತ್ತಿರುತ್ತೇವೆ, ಇದೆಂಥ ನ್ಯಾಯ ಎಂದು ಜನ ಬಾಯಿ ಬಡಿದುಕೊಳ್ಳುತ್ತಿದ್ದರು. ಲೆಕ್ಕ ತೆಗೆದು ನೋಡಿದರೆ ಅವರು ಹೇಳುವುದರಲ್ಲೂ ಹುರುಳಿತ್ತು. ಕೊಕ್ಕರೆಯ ತೂಕ, ಅಂದರೆ ಅದರ ಬಲ, ಕೊಂಚ ಹೆಚ್ಚಿತ್ತು, ಅಡುಗೆಗೆ ಚಿಟಿಕೆ ಉಪ್ಪು ಜಾಸ್ತಿಯಾದ ಹಾಗೆ.

ತಕ್ಕಡಿ ಹಿಡಿದವರಿಗೆ ನೆಚ್ಚಿನ ಆಯುಧ ಇರಬಾರದು ಎನ್ನುವುದು ಅವಳೇ ಮಾಡಿದ ಕಟ್ಟಳೆ. ಯಾರು ಯಾವ ಆಯುಧವನ್ನು ಆಡುತ್ತಾರೋ ಅದರ ತೂಕವನ್ನು ಅವರು ನೋಡುವ ಹಾಗಿರಲಿಲ್ಲ. ಅವಳಂತೂ ಯಾವುದನ್ನೂ ಮನಸ್ಸಿಟ್ಟು ಆಡಿದವಳಲ್ಲ. ಆದರೆ ಕೊಕ್ಕರೆಯನ್ನು ಅವಳ ಅಕ್ಕ ಆಡುತ್ತಿದ್ದಳು. ಮನೆಯವರು ಆಡಿದರೆ ಏನು ಮಾಡಬೇಕೆಂದು ಆ ಕಟ್ಟಳೆಯಲ್ಲಿ ಇರಲಿಲ್ಲ. ಕೆಲಸವನ್ನು ಬೇರೆಯವರಿಗೆ ಒಪ್ಪಿಸಬಹುದಿತ್ತು. ಅವಳು ಒಪ್ಪಿಸಲಿಲ್ಲ, ಯಾರಿಗೂ ಹೇಳಲೂ ಇಲ್ಲ. ತನ್ನ ಮೇಲೆ ತಾನೇ ಒಂದು ಕಣ್ಣಿಟ್ಟರೆ ಸಾಕು ಅಂದುಕೊಂಡಳು.

ಅಕ್ಕ ದರ್ಜಿ. ಅಮ್ಮ ಹೋದಾಗ ತಂಗಿಗೆ ಇನ್ನೂ ಜಡೆ ಹೆಣೆದುಕೊಳ್ಳಲು ಬರುತ್ತಿರಲಿಲ್ಲ. ಆಗಿನಿಂದ ಮನೆಯಲ್ಲಿ ಅಕ್ಕ ಹೇಳಿದ್ದೇ ಮಾತು, ಅಕ್ಕ ಹೊಲಿದದ್ದೇ ಬಟ್ಟೆ. ಐವತ್ತು ದಾಟುವಷ್ಟರಲ್ಲಿ ಅವಳ ಬೆರಳಿನ ಗೆಣ್ಣುಗಳು ಊದಿಕೊಂಡು ಕೊಕ್ಕೆಗಳಾದವು. ಕತ್ತರಿ ಹಿಡಿಯಲಾಗದು, ಸೂಜಿಗೆ ದಾರ ಪೋಣಿಸಲಾಗದು. ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಅಂಗಡಿ ನೋಡಿಕೊಂಡರು. ಸುಮ್ಮನೆ ಗೋಡೆ ನೋಡುತ್ತಾ ಕೂರುವ ಅಕ್ಕನ ಕೈಗೆ ತಂಗಿಯೇ ಒಂದು ದಿನ ಆಟದ ಕಂಟ್ರೋಲರ್ ಕೊಟ್ಟಿದ್ದಳು, ವ್ಯಾಯಾಮವಾದರೂ ಆದೀತು ಎಂದು. ಕತ್ತಿ, ಗದೆ, ಚಿಮ್ಮುವ ರಾಕೆಟ್ಟು ಯಾವುದೂ ಅಕ್ಕನಿಗೆ ಒಗ್ಗಲಿಲ್ಲ. ಅದಕ್ಕೆಲ್ಲ ಬೆರಳು ಮಿಂಚಿನ ಹಾಗೆ ಓಡಬೇಕು. ಒಗ್ಗಿದ್ದು ಕೊಕ್ಕರೆ. ಅದಕ್ಕೆ ಬೇಕಾದದ್ದು ತಾಳ್ಮೆ ಮತ್ತು ಕಣ್ಣು. ಎದುರು ಬಂದು ನಿಂತವರ ಭುಜದಳತೆಯನ್ನು ಟೇಪು ಹಿಡಿಯದೆ ಹೇಳುತ್ತಿದ್ದ ಅಕ್ಕನಿಗೆ ಇವೆರಡೂ ಬೇಕಾದಷ್ಟಿದ್ದವು.

ಅಕ್ಕನಿಗೊಂದು ತಂಡವೂ ಸಿಕ್ಕಿತು. ಎಲ್ಲ ಬೇರೆ ಬೇರೆ ಊರಿನ ಚಿಕ್ಕ ವಯಸ್ಸಿನವರು. ನರ್ಸಿಂಗ್ ಓದುತ್ತಿದ್ದ ಒಬ್ಬ ಹುಡುಗಿ ಅವರ ಕ್ಯಾಪ್ಟನ್. ಅವರೆಲ್ಲ ಅಕ್ಕನನ್ನು ದೊಡ್ಡಮ್ಮ ಎನ್ನುತ್ತಿದ್ದರು. ಸಂಜೆ ಆಫೀಸಿನಿಂದ ಬಂದು ಚಪ್ಪಲಿ ಬಿಡುವಾಗಲೇ ಒಳಗಿನಿಂದ ಅಕ್ಕನ ಗದರಿಕೆ ಕೇಳುತ್ತಿತ್ತು. ಎಡಗಡೆ ಬೇಲಿ ಹಿಂದೆ ಒಬ್ಬ ಬಗ್ಗಿದ್ದಾನೆ, ನೀನು ಮೂಗು ಒರೆಸಿಕೊಳ್ಳುತ್ತಾ ನಿಲ್ಲಬೇಡ, ನುಗ್ಗು, ನಾನಿದ್ದೇನೆ ಎಂದು. ಆ 'ನಾನಿದ್ದೇನೆ' ಕೇಳಿದಾಗಲೆಲ್ಲ ತಂಗಿಗೆ ಹೊಟ್ಟೆ ತಣ್ಣಗಾಗುತ್ತಿತ್ತು. ಆ ಮಾತನ್ನು ಅಕ್ಕ ಇನ್ನೆಲ್ಲೂ ಆಡುವ ಸ್ಥಿತಿಯಲ್ಲಿರಲಿಲ್ಲ.

ಪರೀಕ್ಷೆಯ ಕೋಣೆಯಲ್ಲಿ ಅವಳ ಜೊತೆಗಾರ ಒಬ್ಬ ಆಟ ಪರೀಕ್ಷಕ. ಕೂತಲ್ಲಿ ಕೂರದ ಅವನಿಗೆ ಮಿಡತೆ ಎಂದು ಹೆಸರು ಬಿದ್ದಿತ್ತು. ಇಬ್ಬರೂ ಸೇರಿ ಮೊದಲು ಒಂದೇ ಬದಲಾವಣೆ ಮಾಡಿದರು. ಕೊಕ್ಕರೆ ಗುಂಡು ಹಾರಿಸುವ ಮುನ್ನ ನಳಿಗೆಯ ತುದಿ ಫಳ್ಳನೆ ಹೊಳೆಯಬೇಕು, ಎಚ್ಚರವಿದ್ದವನು ಅಡಗಿಕೊಳ್ಳಬಹುದು. ಆಡಿ ನೋಡಿದರು, ತೂಕ ಸರಿಹೋಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಮಿಡತೆ ಕಾಫಿ ತರಲು ಎದ್ದೇಬಿಟ್ಟ.

ಅವಳು ಏಳಲಿಲ್ಲ. ಸರಿ ಎಂದು ಅನ್ನಿಸಿದ್ದೇ ಅವಳಿಗೆ ಅನುಮಾನ ಹುಟ್ಟಿಸಿತು. ಇಷ್ಟು ಸಾಕು ಅನ್ನುತ್ತಿರುವುದು ಲೆಕ್ಕವೋ, ಅಕ್ಕನ ಮೇಲಿನ ಮಮತೆಯೋ? ಮಮತೆಯಿದ್ದರೆ ಅದನ್ನೂ ಕಳೆದು ತೂಗಬೇಕಲ್ಲ? ಕೊಕ್ಕರೆ ಪಕ್ಕಕ್ಕೆ ತಿರುಗುವ ವೇಗವನ್ನು ಅವಳು ಇನ್ನಷ್ಟು ತಗ್ಗಿಸಿದಳು. ಅದೂ ಸಾಲದೆನಿಸಿ, ತೀರ ಹತ್ತಿರ ಬಂದವರ ಮೇಲೆ ಕೊಕ್ಕರೆ ಗುಂಡು ಹಾರಿಸಲೇ ಬಾರದೆಂದು ಗೆರೆ ಎಳೆದಳು. ಗೆರೆಯೊಳಗೆ ಬಂದವರನ್ನು ಎದುರಿಸಲು ಥಟ್ಟನೆ ಸೊಂಟದ ಚಿಕ್ಕ ಬಂದೂಕಿಗೆ ಕೈ ಹಾಕಬೇಕು. ಮಿಡತೆಯ ಬೆರಳಿಗೆ ಅದು ಕಣ್ಣು ಮಿಟುಕಿಸಿದಷ್ಟು ಸುಲಭ.

"ಆಗ್ಲೇ ಸರಿ ಹೋಗಿತ್ತಲ್ಲ ಮೇಡಂ. ಇದರ ಮೇಲೆ ನಿಮಗೇನು ಹಳೇ ಸಿಟ್ಟಾ?" ಎಂದ ಮಿಡತೆ.

"ಸುಮ್ನೆ ಆಡು," ಅಂದಳು ಅವಳು.

ಸುದ್ದಿ ಹೇಗೋ ಹೊರಗೆ ಹಬ್ಬಿತ್ತು. ಅಕ್ಕ ಆ ರಾತ್ರಿ ಊಟಕ್ಕೆ ಕೂತಾಗ ಕೊಕ್ಕರೆಗೆ ಏನೋ ಮಾಡುತ್ತಿದ್ದೀರಂತೆ ಎಂದು ಕೇಳಿದಳು. ಬಿಡುಗಡೆಗೆ ಮೊದಲು ಹೇಳುವ ಹಾಗಿಲ್ಲ ಎಂದು ತಂಗಿ ತಟ್ಟೆಯಿಂದ ಮುಖ ಎತ್ತದೆ ಹೇಳಿದಳು. ಅಕ್ಕ ನಕ್ಕಳು. "ನನ್ನ ಮುಖ ನೋಡ್ಕೊಂಡು ಏನೂ ಬಿಟ್ಟುಕೊಡ್ಬೇಡ ಪುಟ್ಟಿ. ನಾಳೆ ಜನ ಆಡ್ಕೊಳ್ಳೋ ಹಾಗೆ ಆಗ್ಬಾರ್ದು." ಆ ಮಾತಿನಿಂದ ತಂಗಿಗೆ ಎದೆಯ ಭಾರ ಇಳಿದಂತಾಯಿತು. ಅಕ್ಕನೇ ಅಪ್ಪಣೆ ಕೊಟ್ಟಳು ಅಂದುಕೊಂಡಳು. ಅಕ್ಕ ಹೇಳಿದ್ದು ಬಿಟ್ಟುಕೊಡಬೇಡ ಎಂದು ಮಾತ್ರ. ಹೆಚ್ಚು ಕಿತ್ತುಕೋ ಎಂದಲ್ಲ. ಈ ವ್ಯತ್ಯಾಸ ಅವಳಿಗೆ ಹೊಳೆಯಲು ಬಹಳ ದಿನ ಹಿಡಿಯಿತು.

ಹೊಸ ತೂಕ ಜಾರಿಗೆ ಬಂದ ವಾರ ಆಫೀಸಿನಲ್ಲಿ ಎಲ್ಲರಿಗೂ ನೆಮ್ಮದಿ. ಬೈಗುಳ ನಿಂತಿತ್ತು. ಮುಖ್ಯಸ್ಥರು ಅವಳ ಮೇಜಿನವರೆಗೆ ನಡೆದು ಬಂದು, ಆಟ ಆಡುವ ನನ್ನ ಮಗ ಮನೆಯಲ್ಲಿ ನಿಮ್ಮನ್ನು ಹೊಗಳುತ್ತಿದ್ದಾನೆ, ನನ್ನನ್ನು ಒಂದು ದಿನವೂ ಹೊಗಳಿದ್ದಿಲ್ಲ ಎಂದು ಹೇಳಿಹೋದರು.

ಮನೆಯಲ್ಲಿ ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ಅಕ್ಕನ ಆಟ ನೋಡುತ್ತಿದ್ದಳು. ಎದುರಾಳಿಗಳಿಗೆ ಗೆರೆಯ ಗುಟ್ಟು ಒಂದೇ ದಿನದಲ್ಲಿ ತಿಳಿದುಹೋಗಿತ್ತು. ಅವರು ಬೆಟ್ಟದ ಹಿಂಬದಿಯಿಂದ ಏರಿ ಬಂದು ಅಕ್ಕನ ರೋಬೋಟಿನ ಮೈಗೆ ಮೈ ತಾಗಿಸಿ ನಿಲ್ಲುತ್ತಿದ್ದರು. ಅಕ್ಕನ ಹೆಬ್ಬೆರಳು ಚಿಕ್ಕ ಬಂದೂಕಿನ ಗುಂಡಿಗಾಗಿ ಕತ್ತಲಲ್ಲಿ ಚಿಲಕ ಹುಡುಕುವವರ ಹಾಗೆ ತಡಕಾಡುತ್ತಿತ್ತು. ಅದು ಸಿಗುವಷ್ಟರಲ್ಲಿ ಪರದೆ ಕೆಂಪಾಗಿರುತ್ತಿತ್ತು. ಅಕ್ಕ ಸೆರಗಿಗೆ ಅಂಗೈ ಒರೆಸಿಕೊಂಡು ಮತ್ತೆ ಶುರುಮಾಡುತ್ತಿದ್ದಳು.

ತಂಡದವರು ಬೈಯಲಿಲ್ಲ, ಅದೇ ಕಷ್ಟವಾದದ್ದು. ಗದರುವ ಸರದಿ ಈಗ ಅವರದಾಗಬೇಕಿತ್ತು. ಅವರು ಮೆತ್ತಗೆ ಮಾತಾಡತೊಡಗಿದರು. ಕ್ಯಾಪ್ಟನ್ ಹುಡುಗಿ ತನ್ನ ಓಟ ಬಿಟ್ಟು ಅಕ್ಕನ ಪಕ್ಕದಲ್ಲೇ ಕಾವಲು ನಿಲ್ಲುತ್ತಿದ್ದಳು, ಅದರಿಂದ ಮುಂದಿನವರು ಸಾಯುತ್ತಿದ್ದರು. ಒಂದು ಸಂಜೆ ಆ ಹುಡುಗಿಯ ಮಾತು ಸ್ಪೀಕರಿನಿಂದ ಬಾಗಿಲವರೆಗೂ ಕೇಳಿಸಿತು: "ದೊಡ್ಡಮ್ಮ, ನೀವು ಆರಾಮಾಗಿ ಹಿಂದೆ ಇರಿ. ನಾವು ನೋಡ್ಕೋತೀವಿ."

ಅದಾದ ಮೇಲೆ ಅಕ್ಕ ಹೆಚ್ಚು ದಿನ ಮುಂದುವರಿಸಲಿಲ್ಲ. ಕೈ ನೋವು ಎಂದು ತಾನೇ ಹೇಳಿ ತಂಡ ಬಿಟ್ಟಳು. ಅವರು ಇನ್ನೊಬ್ಬನನ್ನು ಸೇರಿಸಿಕೊಂಡರು. ಟಿವಿಯ ಮುಂದಿನ ಕುರ್ಚಿಯಲ್ಲಿ ಒಗೆದ ಬಟ್ಟೆ ರಾಶಿ ಬಿದ್ದಿರತೊಡಗಿತು.

ತಂಗಿ ಮಾರನೆಯ ವಾರ ಪರೀಕ್ಷೆಯ ಕೋಣೆಗೆ ಹೋಗಿ, ಕಂಟ್ರೋಲರನ್ನು ಎಡಗೈಯೊಂದರಲ್ಲೇ ಹಿಡಿದು ಕೊಕ್ಕರೆ ಆಡು ಎಂದು ಮಿಡತೆಗೆ ಹೇಳಿದಳು. ಅವನು ತಮಾಷೆ ಅಂದುಕೊಂಡು ಆಡಿದ, ಸೋತ, ಮತ್ತೆ ಆಡಿದ, ಮತ್ತೆ ಸೋತ. ನಿಧಾನದ ಕೈಯಲ್ಲಿ ಇದು ಈಗ ಆಯುಧವೇ ಅಲ್ಲ ಎಂದ. ಆಮೇಲೆ, ನಿಧಾನದ ಕೈಯವರು ತಾನೇ ದೂರದ ಆಯುಧ ಹಿಡಿಯುವುದು ಎಂದು ತನ್ನಷ್ಟಕ್ಕೇ ಗೊಣಗಿಕೊಂಡ. ಇಷ್ಟು ವರ್ಷ ಆ ಕೋಣೆಯಲ್ಲಿ ತೂಗಿದ್ದೆಲ್ಲ ಚುರುಕು ಬೆರಳುಗಳನ್ನೇ. ಆದರೆ ಅವಳಿಗೆ ಆ ನೆವವೂ ಉಳಿದಿರಲಿಲ್ಲ. ನಿಧಾನದ ಕೈ ಹೇಗಿರುತ್ತದೆಂದು ಅವಳು ದಿನಾ ಮನೆಯಲ್ಲಿ ನೋಡುತ್ತಿದ್ದಳು.

ಮುಖ್ಯಸ್ಥರ ಬಳಿ ಹೋಗಿ ಎಲ್ಲವನ್ನೂ ಹೇಳಿದಳು. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, ನನಗೆ ಮೊದಲೇ ಹೇಳಿದ್ದರೆ ಆ ಕೆಲಸವನ್ನು ಬೇರೆಯವರಿಗೆ ಕೊಡುತ್ತಿದ್ದೆ, ಇದಕ್ಕೆಲ್ಲ ಇಷ್ಟು ಸುತ್ತು ಬರಬೇಕಿತ್ತೇ ಎಂದರು. ಮುಂದಿನ ಬಿಡುಗಡೆಯಲ್ಲಿ ಗೆರೆ ಅಳಿಸಲು ಒಪ್ಪಿದರು. ಹೊಳಪು ಇರಲಿ, ಉಳಿದದ್ದು ಹೋಗಲಿ ಎಂದಾಯಿತು.

ಭಾನುವಾರ ಅಕ್ಕ ಕುರ್ಚಿಯ ಮೇಲಿನ ಬಟ್ಟೆ ಮಡಚುತ್ತಿದ್ದಳು. ತಂಗಿ ಎದುರು ಕೂತು ತಾನೂ ಒಂದು ದಿಂಬಿನ ಚೀಲ ಎತ್ತಿಕೊಂಡಳು. ಕೊಕ್ಕರೆ ಹೆಚ್ಚುಕಡಿಮೆ ಮೊದಲಿನ ಹಾಗಾಗುತ್ತದೆ ಎಂದು ಹೇಳಿದಳು. ಅಕ್ಕ ಖುಷಿಪಡುತ್ತಾಳೆ ಅಂದುಕೊಂಡಿದ್ದಳು.

"ಅದಕ್ಕೆ ತೂಕ ಜಾಸ್ತಿ ಇತ್ತಾ, ನಿಜವಾಗ್ಲೂ?" ಅಕ್ಕ ಕೇಳಿದಳು.

"ಸ್ವಲ್ಪ ಇತ್ತು."

"ಅಷ್ಟೇ ಕಡಿಮೆ ಮಾಡಿದ್ಯಾ?"

"ಇಲ್ಲ. ಅದಕ್ಕಿಂತ ಜಾಸ್ತಿ."

"ಯಾಕೆ?"

ತಂಗಿ ದಿಂಬಿನ ಚೀಲವನ್ನು ಮಡಚಿದ್ದನ್ನೇ ಮತ್ತೆ ಬಿಚ್ಚಿದಳು. "ನೀನು ಆಡ್ತಿದ್ದೆ ಅಂತ."

ಅಕ್ಕನ ಕೈ ನಿಂತಿತು. ಸಿಟ್ಟು ಮಾಡುತ್ತಾಳೆಂದು ತಂಗಿ ಕಾದಳು; ಅವಳಿಗೆ ಸಿಟ್ಟೇ ಬೇಕಾಗಿತ್ತು. ಅಕ್ಕ, ಯಾರದೋ ಲೆಕ್ಕ ಒಪ್ಪಿಸುವವಳ ಹಾಗೆ, "ಅಂದ್ರೆ ನಾನು ಬೇರೆ ಯಾರ ಅಕ್ಕನಾದ್ರೂ ಆಗಿದ್ದಿದ್ರೆ ಆಟದಲ್ಲಿ ಉಳ್ಕೋತಿದ್ದೆ," ಎಂದಳು. ಮಡಚಿದ ಬಟ್ಟೆಗಳನ್ನು ಎದೆಗವಚಿಕೊಂಡು ಒಳಗೆ ಹೋದಳು.

ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ತಂಗಿ ಬೇರೆಯವರ ಮೇಲೆ ಎಷ್ಟೋ ಸಲ ಹೇಳಿ ನಕ್ಕಿದ್ದಳು. ತಾನು ಊರಿಗೂ ಉಪಕಾರಿಯಾಗಲಿಲ್ಲ. ಅಕ್ಕನಂಥವರು ಊರ ತುಂಬ ಇದ್ದಿರಬೇಕು, ಒಬ್ಬೊಬ್ಬರೂ ಸದ್ದಿಲ್ಲದೆ ಎದ್ದುಹೋಗಿರಬೇಕು. ಎದ್ದುಹೋಗುವವರು ಬೈದು ಬರೆಯುವುದಿಲ್ಲ.

ಹೊಸ ಬಿಡುಗಡೆ ಬಂದ ದಿನ ತಂಗಿ ಮಧ್ಯಾಹ್ನವೇ ಮನೆಗೆ ಬಂದಳು. ತಂಡಕ್ಕೆ ಹೇಳಿ ಕಳಿಸೋಣವೇ ಎಂದು ಕೇಳಿದರೆ ಅಕ್ಕ ಬೇಡವೆಂದಳು. ಇರುವವನನ್ನು ಎಬ್ಬಿಸಿ ಕೂರಲು ತಾನೇನು ಮದುವೆ ಮನೆಯ ಮುಂದಿನ ಸಾಲಿನವಳೇ ಎಂದಳು. ಹಾಗಾದರೆ ನಾನು ಮುಂದೆ ನಿಲ್ಲುತ್ತೇನೆ, ನೀನು ಬೆಟ್ಟದ ಮೇಲಿರು ಎಂದು ತಂಗಿ ಎರಡನೆಯ ಕಂಟ್ರೋಲರ್ ಕೈಗೆತ್ತಿಕೊಂಡಳು. ಅಕ್ಕ ಅವಳನ್ನೊಮ್ಮೆ ನೋಡಿ ಪಕ್ಕದಲ್ಲಿ ಬಂದು ಕೂತಳು. ಇಬ್ಬರೂ ಜೊತೆಯಾಗಿ ಆಡಿದ್ದು ಅದೇ ಮೊದಲು.

ಸ್ವಲ್ಪ ಹೊತ್ತು ಚೆನ್ನಾಗಿಯೇ ನಡೆಯಿತು. ಅಕ್ಕನ ಗುರಿ ಕಿಂಚಿತ್ತೂ ಮಾಸಿರಲಿಲ್ಲ. ಬಲಕ್ಕೆ ಹೋಗು, ಅಲ್ಲಿ ಬೇಡ, ಗೋಡೆ ಹಿಂದೆ ನಿಲ್ಲು, ಮಂಕೇ ಎಂದು ಗದರಿದಳು. ತಂಗಿಗೆ ಕಣ್ಣು ತುಂಬಿ ಬಂದು ಪರದೆ ಮಸುಕಾಯಿತು. ಆಗ ಒಬ್ಬ ಎದುರಾಳಿ ಹಳೆಯ ಅಭ್ಯಾಸದಂತೆ ಬೆಟ್ಟದ ಹಿಂಬದಿಯಿಂದ ಏರತೊಡಗಿದ.

"ಪುಟ್ಟಿ, ಹಿಂದೆ," ಎಂದಳು ಅಕ್ಕ.

ತಂಗಿ ತಿರುಗಿದಳು. ಓಡಿದ್ದರೆ ತಲುಪುತ್ತಿದ್ದಳು. ಅವನು ಗೆರೆ ಇದ್ದ ಜಾಗವನ್ನು ದಾಟಿದ; ಕೊಕ್ಕರೆಯ ನಳಿಗೆ ಅವನತ್ತ ತಿರುಗಿತು, ಹೊಳೆಯಿತು. ಮೊದಲಿನ ವೇಗ ಬಂದಿದೆಯೇ, ಹೊಳಪಿಗೂ ಗುಂಡಿಗೂ ನಡುವಿನ ಬಿಡುವು ಸಾಕೇ, ಇಷ್ಟು ಹತ್ತಿರದಲ್ಲಿ ಪೆಟ್ಟು ಅತಿಯಾಗುತ್ತದೆಯೇ, ತಂಗಿಯ ಕಣ್ಣು ಎಲ್ಲವನ್ನೂ ಒಂದೊಂದಾಗಿ ಅಳೆಯಿತು. ಗುಂಡು ಅವನ ಹೆಗಲನ್ನು ಹಾರಿಸಿತು. ಅವನ ಕತ್ತಿ ಅಕ್ಕನ ರೋಬೋಟನ್ನು ಸೀಳಿತು. ತಂಗಿ ಇನ್ನೂ ಗೋಡೆಯ ಪಕ್ಕದಲ್ಲೇ ನಿಂತಿದ್ದಳು, ಹೆಬ್ಬೆರಳು ಗುಂಡಿಯ ಮೇಲಿತ್ತು, ಒತ್ತಿರಲಿಲ್ಲ.

ಅಕ್ಕ ಕಂಟ್ರೋಲರನ್ನು ಮೆಲ್ಲಗೆ ಮಡಿಲಲ್ಲಿಟ್ಟುಕೊಂಡಳು. "ನೋಡ್ತಾ ನಿಂತೆ ಅಲ್ವಾ," ಎಂದಳು. ದೂರು ಹೇಳುವ ದನಿಯಲ್ಲ ಅದು. ಆಮೇಲೆ ಊದಿದ ಗೆಣ್ಣುಗಳನ್ನು ಒಂದೊಂದಾಗಿ ನೀವಿಕೊಳ್ಳುತ್ತಾ ಕೇಳಿದಳು, "ಸರಿ ಇದ್ಯಾ ಈಗ?"

"ಸರಿ ಇದೆ ಅಕ್ಕ," ಎಂದಳು ತಂಗಿ. ಸುಳ್ಳಲ್ಲ. ಕೊಕ್ಕರೆಯ ತೂಕ ಎಳ್ಳಷ್ಟೂ ಹೆಚ್ಚಿರಲಿಲ್ಲ, ಎಳ್ಳಷ್ಟೂ ಕಡಿಮೆಯಿರಲಿಲ್ಲ.